ಕಮಾಂಡಿನಿಂದ ಬಂದ ಕಾಗದ

ನಾನು ಸುಳ್ಳು ಹೇಳಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಥೆಯೆಲ್ಲ ಆದಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಪುಣೆಯಲ್ಲಿರುವ ಸೈನ್ಯದ ದಕ್ಷಿಣ ಕಮಾಂಡಿನಲ್ಲಿ ನಾನು ಹನ್ನೊಂದು ತಿಂಗಳು ಇದ್ದದ್ದು ನಿಜ. ಯಲ್ಲಾಪುರಕ್ಕೆ ತಿರುಗಿ ಬಂದ ದಿನ, ಮರದ ನಾಟಾ ಡಿಪೋದ ಎದುರು ಮೋಟಾರು ಇಳಿದಾಗ, "ಎಲ್ಲಿದ್ಯೋ ಇಸಾಕ್ ಇಷ್ಟು ದಿವ್ಸ?" ಎಂದು ಕೇಳಿದವರಿಗೆಲ್ಲ "ಕಮಾಂಡಿನಲ್ಲಿದ್ದೆ" ಎಂದೆ. ಇದರಲ್ಲಿ ಸುಳ್ಳೆಲ್ಲಿ ಬಂತು? ಅಲ್ಲಿ ಏನಾಗಿದ್ದೆ ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆ: ಪಟ್ಟೇವಾಲ. ಸೊಂಟಕ್ಕೆ ಪಟ್ಟೆ ಕಟ್ಟಿಕೊಂಡು ಒಂದು ಕೋಣೆಯ ಫೈಲನ್ನು ಇನ್ನೊಂದು ಕೋಣೆಗೆ ಮುಟ್ಟಿಸುವವನು. ಅದೂ ಖಾಯಂ ಅಲ್ಲ; ಕಾಯಿಲೆ ಬಿದ್ದು ರಜೆಯ ಮೇಲೆ ಹೋದ ಒಬ್ಬನ ಬದಲಿಗೆ. ಹನ್ನೊಂದು ತಿಂಗಳಾದ ಮೇಲೆ ಅವನು ಗುಣವಾಗಿ ಬಂದ, ನಾನು ಪಟ್ಟೆ ಬಿಚ್ಚಿ ಅವನ ಕೈಗೆ ಕೊಟ್ಟು ಬಂದೆ. ಇದು ಮೂವತ್ತಾರನೆಯ ಇಸವಿಯ ಮಾತು.

ಊರಿಗೆ ಬಂದ ಮೂರನೆಯ ದಿನ ಅಖ್ತರನ ಚಹಾದಂಗಡಿಯಲ್ಲಿ ಕೂತಿದ್ದೆ. ತಾಲೂಕು ಕಚೇರಿಯ ಕಾರಕೂನ ದಿನಕರರೂ ಇದ್ದರು. ಅವರು ಅಖ್ತರನ ಅಂಗಡಿಯ ಚಹಾ ಮುಟ್ಟುವುದಿಲ್ಲ, ಅದು ಅವರ ಮಡಿ. ಆದರೆ ಅಲ್ಲಿಯ ಸುದ್ದಿ ಬಿಡುವುದಿಲ್ಲ, ಸುದ್ದಿಗೆ ಮಡಿಯಿಲ್ಲ.

"ಅಲ್ಲ ಮಾರಾಯ, ಈ ಕಮಾಂಡು ಹೇಳಿದ್ರೆ ಎಂತದು? ಒಂದು ಪಲ್ಟನ್ನೋ?" ಎಂದು ಅವರು ಕೇಳಿದರು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಆದರೆ ನನಗೆ ಗೊತ್ತಿರುವ ಒಂದೇ ಒಂದು ವಿಷಯವನ್ನು ಒಬ್ಬ ಕಾರಕೂನ ನನ್ನಲ್ಲಿ ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಅಖ್ತರನ ದೊಡ್ಡ ಕೆಟಲಿಯನ್ನು ತಂದು ಬೆಂಚಿನ ಮೇಲಿಟ್ಟೆ. "ಇದು ಕಮಾಂಡು. ಇಡೀ ಹಿಂದೂಸ್ತಾನಕ್ಕೆ ಇಂಥ ನಾಲ್ಕು ಕೆಟಲಿ. ಉತ್ತರದ್ದು, ಪೂರ್ವದ್ದು, ಪಶ್ಚಿಮದ್ದು, ನಮ್ದು ದಕ್ಷಿಣದ್ದು." ಕೆಟಲಿಯ ಮುಂದೆ ಮೂರು ಲೋಟ ಚಹಾ ಇಟ್ಟೆ. "ಇವು ಡಿಸ್ಟ್ರಿಕ್ಟು. ಮುಂಬಯಿ, ದಖನ್, ಮದ್ರಾಸು." ಲೋಟಗಳ ಮುಂದೆ ಬಶಿ. "ಇವು ಬ್ರಿಗೇಡು." ಬಶಿಗಳ ಮುಂದೆ ಕಪ್ಪು. "ಇವು ಪಲ್ಟನ್ನು. ನಮ್ಮ ಬೆಳಗಾವಿಯದ್ದು ಇಲ್ಲೆಲ್ಲೋ ಬರ್ತದೆ."

"ಹಂಗಾರೆ ಕೆಟಲಿ ಲಡಾಯಿ ಮಾಡ್ತದ?" ಎಂದು ನಾಟಾ ಹೊಡೆಯುವ ಗಾಡಿಯ ಚೌಡ ಕೇಳಿದ. ಅವನು ಮಂಚಿಕೇರಿಯವನು.

"ಕೆಟಲಿ ಲಡಾಯಿ ಮಾಡೂದಿಲ್ಲ. ಕೆಟಲಿ ಬಗ್ತದೆ. ಅದು ಬಗ್ಗಿದ್ರೆ ಇವೆಲ್ಲ ತುಂಬ್ತವೆ."

ಆಮೇಲೆ ಕಮಾಂಡಿನ ಒಳಗಿನ ಮೂರು ಶಾಖೆಗಳನ್ನು ವಿವರಿಸಿದೆ. ಲಡಾಯಿ ಹೇಗೆ ಮಾಡಬೇಕೆಂದು ಯೋಚಿಸುವುದು ಮೊದಲನೆಯದು; ಯಾರು ಮಾಡಬೇಕೆಂದು ಬರೆದಿಡುವುದು ಎರಡನೆಯದು; ಅವರು ಏನು ತಿನ್ನಬೇಕು, ಯಾವುದರ ಮೇಲೆ ಹೋಗಬೇಕು ಎಂದು ನೋಡುವುದು ಮೂರನೆಯದು. ಮೊದಲನೆಯದರ ಫೈಲು ಒಂದೇ ಬೆರಳಿಗೆ ಬರುತ್ತದೆ, ಮೂರನೆಯದಕ್ಕೆ ಎರಡು ಕೈಯೂ ಒಂದು ಗದ್ದವೂ ಬೇಕು. ಇಷ್ಟನ್ನು ಪುಸ್ತಕ ಓದಿದವನು ಹೇಳಲಾರ, ಹೊತ್ತವನೇ ಹೇಳಬೇಕು. ಅಷ್ಟರಲ್ಲಿ ಚೌಡ ಮದ್ರಾಸು ಡಿಸ್ಟ್ರಿಕ್ಟನ್ನು ಎತ್ತಿ ಕುಡಿದಿದ್ದ. ಆಚೆ ಬೆಂಚಿನವರು ಕೂಗಿದ್ದಕ್ಕೆ ಅಖ್ತರ್ ಕಮಾಂಡನ್ನೇ ಎತ್ತಿಕೊಂಡು ಹೋದ. ಆದರೂ ಸಭೆಗೆ ವಿಷಯ ಮನದಟ್ಟಾಯಿತು.

ಮರುದಿನದಿಂದ ಅಖ್ತರ್ ನನಗೆ ಬೆಂಚಿನ ಬದಲು ಕುರ್ಚಿ ಹಾಕಿದ. ಧಾರವಾಡದ ಕಡೆಯಿಂದ ಬಂದಿದ್ದ ನಮ್ಮ ಪೊಲೀಸು ಫೌಜದಾರರು ರಸ್ತೆಯಲ್ಲಿ ಕಂಡರೆ ಎರಡು ಬೆರಳು ಟೊಪ್ಪಿಗೆಗೆ ಮುಟ್ಟಿಸತೊಡಗಿದರು. "ಕಮಾಂಡಿನ ಇಸಾಕ್ ಸಾಹೇಬರು" ಎಂದು ಹೆಸರೂ ಬಿತ್ತು. ಬಿತ್ತು ಎಂದೆ, ನಾನು ಕೆಳಗೆ ನಿಂತು ಕೈ ಚಾಚಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮನೆಯಲ್ಲಿ ಮಾತ್ರ ಈ ಹೆಸರು ನಡೆಯಲಿಲ್ಲ. ನನ್ನ ಹೆಂಡತಿ ಬಿಸ್ಮಿಲ್ಲಾ ಬಿಗೆ ಎಲ್ಲ ಗೊತ್ತು. ನಮ್ಮ ಮನೆಯ ಮಾತು ಉರ್ದು. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. "ಕಮಾಂಡಿನವರೇ, ಬಾವಿಯಿಂದ ನಾಲ್ಕು ಕೊಡ ನೀರು ಮೇಲೆ ಬರಬೇಕಾಗಿದೆ. ಯಾವ ಶಾಖೆಗೆ ಹೇಳಲಿ?" ಎನ್ನುತ್ತಿದ್ದಳು. ನಾನು ಸೇದಿ ಕೊಡುತ್ತಿದ್ದೆ.

ಹೀಗೆಯೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಒಂದು ಸಂತೆಯ ದಿನ ಚೌಡನ ಗಾಡಿಯಲ್ಲಿ ಮಂಚಿಕೇರಿಯ ದುರ್ಗಮ್ಮ ಬಂದಳು. ಗದ್ದೆ ಮಾಡಿಕೊಂಡಿರುವ ವಿಧವೆ, ಒಬ್ಬನೇ ಮಗ. ಅಖ್ತರನ ಅಂಗಡಿಯ ಕೆಳಗೆ ನಿಂತು, ನನ್ನ ಕುರ್ಚಿಯ ಹತ್ತಿರ ಸಾಂಬಾರು ಸೌತೆಯಂಥ ಒಂದು ದೊಡ್ಡ ಮೊಗೆಕಾಯಿ ಇಟ್ಟಳು.

"ಸಾಬ್ರೇ, ನೀವು ಕಮಾಂಡಿನಲ್ಲಿ ಇದ್ದವ್ರಂತೆ. ನನ್ನ ಮಗ ಜಟ್ಟಪ್ಪ, ನನ್ನ ಸಂಗ್ತಿಗೆ ಜಗಳಾ ಮಾಡ್ಕಂಡು ಪಲ್ಟನ್ನಿಗೆ ಸೇರ್ತೆ ಹೇಳಿ ಬೆಳಗಾವಿಗೆ ಹೋದವ. ಏಳು ತಿಂಗಳಾತು. ಬದುಕಿದ್ನೋ ಇಲ್ಲವೋ ಗೊತ್ತಿಲ್ಲ. ನೀವು ಒಂದು ಮಾತು ಕೇಳಿ ಹೇಳಿ. ನಂಗೆ ಬೇರೆಂತದೂ ಬೇಡ."

ಹೇಳಬೇಕಾಗಿದ್ದದ್ದು ಆಗಲೇ. "ಅವ್ವಾ, ನಾನು ಅಲ್ಲಿ ಫೈಲು ಹೊರುತ್ತಿದ್ದವ" ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ದಿನಕರರು, "ಇವ್ರಿಗೆ ಅದೆಂತ ದೊಡ್ಡ ಕೆಲಸ, ಒಂದು ಕಾಗದ ಹಾಕಿದ್ರಾತು" ಎಂದರು. ಅಖ್ತರನೂ ತಲೆಯಾಡಿಸಿದ. ಇಬ್ಬರು ನಂಬಿದಾಗ ಮೂರನೆಯವನು ತಾನೇ ನಂಬದಿದ್ದರೆ ಚಂದ ಕಾಣುವುದಿಲ್ಲ. "ನೋಡುವಾ" ಎಂದೆ.

ಕಾಗದ ಬರೆದೆ. ನನಗೆ ಬರುವ ಇಂಗ್ಲಿಷು ಫೈಲುಗಳ ಮೇಲೆ ನೋಡಿ ಕಲಿತದ್ದು. ನಾಲ್ಕಾರು ವಾಕ್ಯ, ಎಲ್ಲವೂ ಹುಕುಮಿನವು. "ಮಂಚಿಕೇರಿಯ ಜಟ್ಟಪ್ಪ ಎಂಬವನು ಎಲ್ಲಿರುವನೆಂದು ಪತ್ತೆ ಹಚ್ಚಿ ತತ್‌ಕ್ಷಣ ತಿಳಿಸತಕ್ಕದ್ದು" ಎಂದು ಬರೆದೆ. ಮೇಲೆ "ಮೆಹೆರ್ಬಾನ್ ಸಾಹೇಬರಿಗೆ" ಎಂದು ಹಾಕಲಿಲ್ಲ, ಫೈಲಿನಲ್ಲಿ ಯಾರೂ ಹಾಕುವುದಿಲ್ಲ. ನನ್ನ ಹೆಸರು, ಊರು ಬರೆಯಲಿಲ್ಲ, ಅದನ್ನೂ ಯಾರೂ ಬರೆಯುವುದಿಲ್ಲ. ಕೆಳಗೆ ಕೋಳಿ ಕೆದರಿದಂಥ ಒಂದು ಸಹಿ ಎಳೆದೆ. ಆಮೇಲೆ ಟ್ರಂಕಿನ ತಳದಿಂದ ಒಂದು ಕೆಂಪು ಚೀಟಿ ತೆಗೆದೆ. ಪುಣೆಯಿಂದ ಬರುವಾಗ ನೆನಪಿಗಿರಲಿ ಎಂದು ಐದಾರು ತಂದಿದ್ದೆ, ಕೇಳಿ ತಂದದ್ದಲ್ಲ. ತುರ್ತಿನ ಕಾಗದಕ್ಕೆ ಮಾತ್ರ ಅದನ್ನು ಅಂಟಿಸುವುದು. ಅದು ಕಂಡರೆ ಪಟ್ಟೇವಾಲ ಓಡಬೇಕು, ಕಾರಕೂನ ಊಟ ಬಿಡಬೇಕು, ಸಾಹೇಬರು ಚುರುಟು ಕೆಳಗಿಡಬೇಕು. ಅದನ್ನು ಮೂಲೆಗೆ ಅಂಟಿಸಿದೆ.

"ನಿಮ್ಮ ಹೆಸರೇ ಇಲ್ಲವಲ್ಲ, ಉತ್ತರ ಯಾರಿಗೆ ಬರುತ್ತದೆ?" ಎಂದಳು ಬಿಸ್ಮಿಲ್ಲಾ ಬಿ.

"ಅದು ಕಮಾಂಡಿಗೆ ಗೊತ್ತಿರುತ್ತದೆ" ಎಂದು ಲಕೋಟೆ ಮುಚ್ಚಿ, ಪುಣೆಯ ಕಮಾಂಡಿನ ವಿಳಾಸ ಬರೆದು ಟಪಾಲಿಗೆ ಹಾಕಿದೆ.

ಮೂರು ತಿಂಗಳು ಕಳೆಯಿತು. ಪ್ರತಿ ಸಂತೆಗೂ ದುರ್ಗಮ್ಮ ಬಂದಳು. ಒಮ್ಮೆ ಬದನೆಕಾಯಿ, ಒಮ್ಮೆ ಬಾಳೆಗೊನೆ, ಒಮ್ಮೆ ಒಂದು ಶೀಸೆ ತುಪ್ಪ. ಬೇಡ ಎಂದೆ, ಎರಡನೆಯ ಸಲ ಒತ್ತಾಯ ಮಾಡಿದಾಗ ತೆಗೆದುಕೊಂಡೆ. "ಎಂತ ಆತು ಸಾಬ್ರೇ?" ಎಂದರೆ "ನಡೀತಾ ಉಂಟು" ಎನ್ನುತ್ತಿದ್ದೆ. "ಯಾರು ನೋಡ್ತಾ ಇದ್ರು?" ಎಂದರೆ "ದೊಡ್ಡವರು." ಒಂದು ದಿನ ಅವಳ ಮುಖ ತೀರ ಸಣ್ಣದಾಗಿತ್ತು. ಏನಾದರೂ ಹೇಳಬೇಕೆನಿಸಿ, "ಜನರಲ್ ಸಾಹೇಬ್ರೇ ಖುದ್ದು ಹುಡುಕಿಸ್ತಾ ಇದ್ರು" ಎಂದುಬಿಟ್ಟೆ. ಅವಳು ಎರಡೂ ಕೈ ಎತ್ತಿ ಪುಣೆಯ ದಿಕ್ಕು ಯಾವುದೆಂದು ಕೇಳಿ ಆ ಕಡೆಗೆ ಮುಗಿದಳು. ನಾನು ಸುಳ್ಳು ಹೇಳಿದವನಲ್ಲ ಎಂದು ಮೊದಲು ಹೇಳಿದೆನಲ್ಲ, ಇದೊಂದನ್ನು ಬಿಟ್ಟು. ಆ ರಾತ್ರಿ ಅನ್ನಕ್ಕೆ ಬಿದ್ದದ್ದು ಅವಳ ತುಪ್ಪವೇ. ಆದರೂ ಉಂಡೆ.

ಮುಂದಿನ ವಾರ ಕಚೇರಿಯಿಂದ ಕರೆ ಬಂತು. ಹೋದರೆ ತಾಲೂಕಿನ ಮುಖ್ಯಸ್ಥ ಮಾಮಲೇದಾರರು ಎದ್ದು ನಿಂತರು. ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ, ಎದ್ದದ್ದು ನನಗೇ.

"ಬರ್ರಿ ಇಸಾಕ್ ಸಾಹೇಬ್ರ, ಕೂಡ್ರಿ" ಎಂದರು ಫೌಜದಾರರು. "ನಿಮ್ಮ ಕಮಾಂಡಿನಿಂದ ಕಾಗದ ಬಂದೈತಿ. ಮಂಚಿಕೇರಿ ಜಟ್ಟಪ್ಪ ಅನ್ನಾವನ್ನ ತಕ್ಷಣ ಪತ್ತೆ ಹಚ್ಚರಿ ಅಂತ ಹುಕುಮ್ ಆಗೇತಿ. ಏನ್ ದೊಡ್ಡ ಗುನ್ಹೆ ಮಾಡ್ಯಾನೋ ಏನೋ. ನನಗ ಅನಸ್ತೈತಿ, ಪಲ್ಟನ್ ಬಿಟ್ಟು ಓಡಿ ಬಂದಾನ."

ಮೇಜಿನ ಮೇಲೆ ಒಂದು ಫೈಲಿತ್ತು. ಮೇಲಿನಿಂದ ಒಂದೊಂದೇ ಕಚೇರಿ ಇಳಿದು ಬರುತ್ತ ಅದಕ್ಕೆ ಏಳು ಪುರವಣಿ ಹಾಳೆ ಸೇರಿಕೊಂಡಿದ್ದವು. ಪ್ರತಿಯೊಂದರ ಮೇಲೂ ಒಂದೇ ಮಾತು: ತತ್‌ಕ್ಷಣದ ಕ್ರಮಕ್ಕಾಗಿ ಕೆಳಕ್ಕೆ ಕಳಿಸಿದೆ. ನಾನು ಒಂದೊಂದಾಗಿ ಮಗುಚಿದೆ. ಎಲ್ಲಕ್ಕೂ ಅಡಿಯಲ್ಲಿ ನನ್ನ ಕಾಗದ, ನನ್ನ ಕೋಳಿ ಕೆದರಿದ ಸಹಿ, ನನ್ನ ಕೆಂಪು ಚೀಟಿ.

ಇದರಲ್ಲಿ ಆ ಕಚೇರಿಗಳ ತಪ್ಪು ಎಳ್ಳಷ್ಟೂ ಇಲ್ಲ. ಹೆಸರಿಲ್ಲದ, ಸಲಾಮಿಲ್ಲದ, ಕೆಂಪು ಚೀಟಿ ಅಂಟಿಸಿದ ಕಾಗದ ಕಂಡರೆ ಅದು ಮೇಲಿನವರ ಹುಕುಮೇ ಎಂದು ಯಾರಾದರೂ ತಿಳಿಯಬೇಕು. ಹುಕುಮಾದರೆ ಕೆಳಕ್ಕೆ ಕಳಿಸಬೇಕು. ನಾನು ಅರ್ಜಿ ಬರೆದೆ ಎಂದುಕೊಂಡು ಹುಕುಮು ಬರೆದಿದ್ದೆ. ಬರೆದು ಯಾವ ಊರಿಂದ ಹತ್ತಿಸಿದ್ದೆನೋ ಅದೇ ಊರಿಗೆ ಅದು ಇಳಿದು ಬಂದಿತ್ತು.

"ಈ ಕೆಂಪು ಚೀಟಿ ಅಂದ್ರ ಎಷ್ಟು ಜೋರು?" ಎಂದು ಮಾಮಲೇದಾರರು ಕೇಳಿದರು.

"ಭಾಳ ಜೋರು" ಎಂದೆ.

"ಹಂಗಾದ್ರ ಇವತ್ತ ಹೋಗೂಣು. ನೀವೂ ಬರ್ರಿ, ಮಿಲಿಟರಿ ಕಾಯ್ದೆ ತಿಳಿದಾವ್ರು ಒಬ್ಬರು ಬೇಕು" ಎಂದರು ಫೌಜದಾರರು.

ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಮಂಚಿಕೇರಿಗೆ ಹೋಗುವ ಲಾರಿಯಲ್ಲಿ ಡ್ರೈವರನ ಪಕ್ಕದ ಜಾಗ ನನಗೇ ಕೊಟ್ಟರು. ಹಿಂದೆ ಇಬ್ಬರು ಪೊಲೀಸರು, ಪಂಚನಾಮೆ ಬರೆಯಲು ದಿನಕರರು. ದಾರಿಯುದ್ದಕ್ಕೂ, ಲಾರಿ ಕೆಡಲಿ ಎಂದು ಬೇಡಿಕೊಂಡೆ. ಕೆಡಲಿಲ್ಲ.

ದುರ್ಗಮ್ಮ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದಳು. ಪೊಲೀಸರನ್ನು ಕಂಡು ಹೆದರಿ ಎದ್ದವಳು, ನನ್ನನ್ನು ಕಂಡದ್ದೇ ಮುಖ ಅರಳಿಸಿದಳು.

"ಬಂತ ಸಾಬ್ರೇ? ಸಿಕ್ಕಿದ್ನ?"

"ನಿನ್ನ ಮಗ ಎಲ್ಲಿ ಅದಾನವ್ವ?" ಎಂದರು ಫೌಜದಾರರು.

"ನಾನು ಕೇಳಿದ್ದೇ ಅದನ್ನ."

"ನೀ ಕೇಳೂದಲ್ಲ. ನಾವು ಕೇಳಾಕತ್ತೇವಿ."

ಅವಳು ಫೌಜದಾರರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಸಾಬ್ರೇ, ಎಂತ ಇದು? ನಾ ಕೇಳಿದ್ದನ್ನ ತಿರುಗಿ ನಂಗೇ ಕೇಳ್ತಾ ಇದ್ರಲ್ಲ?"

ನಾನು ಭತ್ತ ನೋಡಿದೆ. ಚೆನ್ನಾಗಿ ಒಣಗಿತ್ತು.

ಶೋಧ ನಡೆಯಿತು. ಒಬ್ಬ ಪೊಲೀಸ ಅಟ್ಟ ಹತ್ತಿದ, ಇನ್ನೊಬ್ಬ ಒಂದು ದೊಡ್ಡ ಬುಟ್ಟಿ ಮಗುಚಿದ. ಒಳಗಿಂದ ಕಾವು ಕೂತ ಕೋಳಿ ಎದ್ದು ಅವನ ಮುಖಕ್ಕೇ ಹಾರಿತು. ದಿನಕರರು ಜಗಲಿಯ ಮೇಲೆ ಕೂತು ಶಿಸ್ತಾಗಿ ಬರೆದುಕೊಂಡರು: ಕೋಳಿ ಆರು, ಕಂಬಳಿ ಎರಡು, ಮಗ ಇಲ್ಲ. ಅಷ್ಟರಲ್ಲಿ ಬೇಲಿಯ ಆಚೆ ಊರು ನೆರೆದಿತ್ತು. ನಿನ್ನೆಯವರೆಗೆ "ದುರ್ಗಮ್ಮನ ಮಗ ಪಲ್ಟನ್ನಿನಲ್ಲಿದ್ನಡ" ಎನ್ನುತ್ತಿದ್ದವರು ಇಂದು "ಓಡಿ ಬಂದ್ನಡ" ಎಂದರು. ಇನ್ನೊಬ್ಬರು "ಬಂದೂಕು ಕದ್ಕಂಡೇ ಓಡಿದ್ನಡ" ಎಂದರು. ಮೂರನೆಯವರಿಗೆ ತೋಪು ಬಿಟ್ಟರೆ ಏನೂ ಉಳಿಯಲಿಲ್ಲ. ಚೌಡ ಮಾತ್ರ, ಈ ಮಿಲಿಟರಿ ಸಂಗತಿ ತನಗೆ ಕೆಟಲಿ ಕಾಲದಿಂದಲೂ ಗೊತ್ತು ಎಂಬಂತೆ ಕೈ ಕಟ್ಟಿ ನಿಂತಿದ್ದ.

"ಜವಾಬು ಬರಕೋಬೇಕು. ಇವತ್ತ ಯಲ್ಲಾಪುರಕ್ಕ ಕರಕೊಂಡು ಹೋಗ್ತೇವಿ, ನಾಳೆ ಶಿರಸಿಗೆ, ಪ್ರಾಂತ ಸಾಹೇಬ್ರ ಮುಂದ" ಎಂದರು ಫೌಜದಾರರು.

ದುರ್ಗಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಒಳಗೆ ಹೋಗಿ ಒಗೆದ ಸೀರೆ ಉಟ್ಟು ಬಂದಳು. ಭತ್ತವನ್ನು ಒಟ್ಟುಮಾಡಿ ಕಂಬಳಿ ಮುಚ್ಚಿದಳು. ನನ್ನ ಹತ್ತಿರ ಬಂದು ಸಣ್ಣ ಧ್ವನಿಯಲ್ಲಿ, "ನೀವು ಸಂಗ್ತಿಗೆ ಇರ್ತ್ರಲ್ಲ, ನಂಗೆ ಹೆದ್ರಿಕೆ ಇಲ್ಲ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಫೌಜದಾರ ಸಾಹೇಬ್ರೇ, ಆ ಕಾಗದ ನಂದು" ಎಂದೆ.

"ನಿಮ್ಮ ಕಮಾಂಡಿಂದು ಅಂತ ನಮಗೂ ಗೊತ್ತೈತ್ರಿ."

"ಕಮಾಂಡಿಂದಲ್ಲ. ನಾನೇ ಬರೆದದ್ದು, ಯಲ್ಲಾಪುರದಲ್ಲಿ, ನಮ್ಮನೆ ಜಗಲಿ ಮೇಲೆ ಕೂತು. ಈ ಅವ್ವ ಮಗ ಎಲ್ಲಿದ್ನೋ ಕೇಳಿ ಅಂದಳು, ಕೇಳಿ ಬರೆದೆ. ಅದು ತಿರುಗಿ ಇಲ್ಲಿಗೇ ಬಂತು. ಕೆಂಪು ಚೀಟಿ ನಾನು ಅಲ್ಲಿಂದ ಎತ್ತಿಕೊಂಡು ಬಂದದ್ದು. ನಾನು ಅಲ್ಲಿ ಸಾಹೇಬನಾಗಿರಲಿಲ್ಲ. ಪಟ್ಟೇವಾಲನಾಗಿದ್ದೆ. ಅದೂ ಬದಲಿ."

ಮೊದಲು ನಕ್ಕವನು ಚೌಡ. ಅವನ ಹಿಂದೆ ಊರೆಲ್ಲ ನಕ್ಕಿತು. ಅಟ್ಟದ ಮೇಲಿದ್ದ ಪೊಲೀಸನೂ ಅಲ್ಲಿಂದಲೇ ನಕ್ಕ. ಅವನು ಪಂಚನಾಮೆಗೆ ಸಂಬಂಧಪಟ್ಟವನು, ನಗಬಾರದಿತ್ತು.

ಫೌಜದಾರರು ನಗಲಿಲ್ಲ. "ನಾಲ್ಕು ತಿಂಗಳಿಂದ ನಾ ನಿಮಗ ಸಲಾಮು ಹೊಡ್ಯಾಕತ್ತೇನಿ" ಎಂದರು, ಕಳೆದುಹೋದ ಸಲಾಮುಗಳನ್ನು ನೆನೆಸಿಕೊಂಡವರಂತೆ. ದಿನಕರರು ಲೇಖಣಿ ಎತ್ತಿ, "ಹಂಗಾರೆ ಇಲ್ಲಿ ಎಂತ ಬರಿಯೂದು?" ಎಂದು ಕೇಳಿದರು.

ದುರ್ಗಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. "ಹಂಗಾರೆ ಜನರಲ್ ಸಾಹೇಬ್ರು ಹುಡುಕಿಸ್ತಾ ಇರ್ಲಿಲ್ಲ."

"ಇಲ್ಲ ಅವ್ವಾ."

"ಬೇರೆ ಯಾರೂ?"

"ಯಾರೂ ಇಲ್ಲ."

ಅವಳು ಜಗಲಿಯ ಮೇಲೆ ಕೂತಳು. ನನಗೆ ಎಂದಲ್ಲ, ಸುಮ್ಮನೆ ಅಂದಳು: "ಯಾರೋ ದೊಡ್ಡವ್ರು ಹುಡುಕ್ತಾ ಇದ್ರು ಹೇಳಿ ಇಷ್ಟು ದಿನ ನಿದ್ದೆ ಮಾಡ್ದೆ."

ಊರಿನವರು ನಕ್ಕದ್ದು ನನಗೆ ಏನೂ ಅನಿಸಿರಲಿಲ್ಲ ಎಂದರೆ ಅದು ಎರಡನೆಯ ಸುಳ್ಳಾದೀತು. ಆದರೆ ಈ ಮಾತು ಕೇಳಿದ ಮೇಲೆ ಆ ನಗು ಲೆಕ್ಕಕ್ಕೇ ಬರಲಿಲ್ಲ. ಅವಳ ಬದನೆಕಾಯಿ ತಿಂದದ್ದನ್ನು ಯಾರಾದರೂ ಕ್ಷಮಿಸಿಯಾರು. ಅವಳ ನಿದ್ದೆಯನ್ನು ಕೊಟ್ಟವನೂ ನಾನೇ, ಊರೆದುರು ಕಸಿದವನೂ ನಾನೇ.

ಫೌಜದಾರರು ಫೈಲು ನನ್ನ ಕೈಗೆ ಕೊಡದೆ ಕಂಕುಳಲ್ಲಿಟ್ಟುಕೊಂಡರು. "ಏನ ಆಗಲಿ, ಇದಕ್ಕ ಉತ್ತರ ಹೋಗಬೇಕು. ಇಲ್ಲದಿದ್ರ ನಿಮ್ಮ ಮ್ಯಾಲೆ ಕೇಸ್ ಹಾಕ್ತೇನಿ. ಎಂಟು ದಿನದಾಗ ಆ ಜಟ್ಟಪ್ಪ ಎಲ್ಲಿ ಅದಾನ, ಹೇಳ್ರಿ." ದುರ್ಗಮ್ಮನನ್ನು ಅಲ್ಲೇ ಬಿಟ್ಟು ಅವರು ಲಾರಿ ಹತ್ತಿ ಯಲ್ಲಾಪುರಕ್ಕೆ ಹೋದರು. ನನಗೆ ಹಿಂದೆಯೂ ಜಾಗ ಸಿಗಲಿಲ್ಲ.

ಬೆಳಗಾವಿಗೆ ಹೋಗಿ ಪಲ್ಟನ್ನಿನ ಬಾಗಿಲಲ್ಲೇ ಕೇಳುವುದೆಂದು ನಿರ್ಧರಿಸಿದೆ. ಅದಕ್ಕೆ ಮೊದಲು ಮೋಟಾರಿನ ವ್ಯವಸ್ಥೆಗೆ ಶಿರಸಿಗೆ ಹೋದೆ. ಅಲ್ಲಿ ನನ್ನ ಭಾವಮೈದುನ ಅಬ್ದುಲ್ ರಜಾಕ್ ಸರ್ವಿಸು ಮೋಟಾರಿನ ಏಜೆಂಟ. ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ. ನಕ್ಕು ಸುಧಾರಿಸಿಕೊಂಡ ಮೇಲೆ, "ಯಾರು, ಮಂಚಿಕೇರಿ ಜಟ್ಟಪ್ಪನಾ? ಎಡಗಿವಿ ಹತ್ತಿರ ಮಚ್ಚೆ ಇರೋನು? ಸಿದ್ದಾಪುರದಲ್ಲಿ ನಮ್ಮ ಮೋಟಾರು ತೊಳೀತಾನಲ್ಲ, ಒಂಬತ್ತು ಹತ್ತು ತಿಂಗಳಿಂದ" ಎಂದ.

ಏಳು ಕಚೇರಿ, ಏಳು ಪುರವಣಿ, ಒಂದು ಕೆಂಪು ಚೀಟಿ. ಇಷ್ಟೆಲ್ಲ ಆದದ್ದಕ್ಕೆ ಉತ್ತರ ಶಿರಸಿಯ ಮೋಟಾರು ಸ್ಟ್ಯಾಂಡಿನಲ್ಲಿ ಎಲೆ ಅಗಿಯುತ್ತ ಕೂತಿತ್ತು. ಈ ಮಧ್ಯೆ ನಾನು ಭಾವಮೈದುನನನ್ನು ಹತ್ತು ಸಲ ಕಂಡಿದ್ದೆ, ಕೇಳಿರಲಿಲ್ಲ. ದೊಡ್ಡವರನ್ನು ಕೇಳುವ ಭರದಲ್ಲಿದ್ದೆ.

ಸಿದ್ದಾಪುರದಲ್ಲಿ ಜಟ್ಟಪ್ಪ ಮೋಟಾರಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಒದ್ದೆ ಬಟ್ಟೆಯಿಂದ ಕೆಸರು ಉಜ್ಜುತ್ತಿದ್ದ. ಇಪ್ಪತ್ತೆರಡರ ಪ್ರಾಯ, ಸಪೂರ ಆಳು. ನಾನು ಯಾರೆಂದು, ಯಾಕೆ ಬಂದೆನೆಂದು ಹೇಳಿದೆ. ಅವನು ಎದ್ದು ನಿಲ್ಲಲೂ ಇಲ್ಲ.

"ಪಲ್ಟನ್ನಿನವ್ರು ಎದೆಗೆ ಟೇಪು ಹಿಡಿದ್ರು. ಒಂದೂವರೆ ಇಂಚು ಕಮ್ಮಿ ಬಿತ್ತು. ಆವತ್ತೇ ಹೊರಗೆ ಹಾಕಿದ್ರು" ಎಂದ.

"ಮನೆಗೆ ಬರೂಕಾಗಿತ್ತು."

"ಹೆಂಗೆ ಬರೂದು? ಅವ್ವ ಊರಿಗೆಲ್ಲ ಹೇಳಿ ಮುಗಿಸಿದ್ಲಡ, ಮಗ ಪಲ್ಟನ್ನಿನಲ್ಲಿದ್ದ ಹೇಳಿ. ಅದು ನಂಗೆ ಇಲ್ಲಿಗೇ ಬಂದು ಮುಟ್ತು. ಈಗ ಮೋಟಾರು ತೊಳ್ಯವ ಹೇಳಿ ಹೋದ್ರೆ ಚೌಡ ಒಬ್ನೇ ಸಾಕು, ಸಾಯೂ ತನಕ ನಗ್ತ. ನಾ ಬರೂದಿಲ್ಲ. ನೀವು ಅವ್ವಗೆ ಹೇಳಿ, ಬದುಕಿದ್ದ ಹೇಳಿ. ಅಷ್ಟು ಸಾಕು."

ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ. ಅವನ ಪಕ್ಕ ನಾನೂ ಕುಕ್ಕುರುಗಾಲಲ್ಲಿ ಕೂತೆ. ಕುರ್ಚಿ, ಕೆಟಲಿ, ತುಪ್ಪ, ಜನರಲ್ ಸಾಹೇಬರು, ಬೇಲಿಯ ಆಚೆಯ ನಗು, ಅವನ ಅವ್ವ ನಿದ್ದೆಯ ಬಗ್ಗೆ ಅಂದ ಮಾತು, ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಕೊನೆಯ ಮಾತಿಗೆ ಅವನ ಕೈಯ ಬಟ್ಟೆ ನಿಂತಿತು.

"ಬಾ" ಎಂದೆ. "ನಾನು ಮುಂದೆ ನಡೀತೆ, ನೀನು ಹಿಂದೆ ಬಾ. ಮೊದ್ಲು ನನ್ನ ನೋಡಿ ನಗ್ತಾರೆ. ನಿನ್ನ ಪಾಳಿ ಬರೂ ಹೊತ್ತಿಗೆ ಅವ್ರಿಗೆ ಸುಸ್ತಾಗಿರ್ತದೆ."

ಅವನು ಬಟ್ಟೆ ಹಿಂಡಿ ಮೋಟಾರಿನ ಮೇಲೆ ಒಣಹಾಕಿದ.

ಮಾರನೆಯ ದಿನ ಮಂಚಿಕೇರಿಯಲ್ಲಿ ಇಳಿದೆವು. ಚೌಡ ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದ. ನನ್ನನ್ನು ಕಂಡು, "ಕಮಾಂಡು ಬಂತು, ಎದ್ದು ನಿಲ್ಲಿ" ಎಂದು ಕೂಗಿದ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ಸಲಾಮು ಹೊಡೆದು ನಕ್ಕರು. ನಾನು ಎರಡು ಬೆರಳು ಹಣೆಗೆ ಮುಟ್ಟಿಸಿ, ಆ ನಗುವನ್ನು ಒಂದು ಹನಿಯೂ ಚೆಲ್ಲದಂತೆ ತೆಗೆದುಕೊಂಡೆ. ಅವರು ಇನ್ನೂ ನಗುತ್ತಿದ್ದಾಗಲೇ ಜಟ್ಟಪ್ಪ ತಲೆ ತಗ್ಗಿಸಿಕೊಂಡು ನನ್ನ ಹಿಂದೆಯೇ ಕಟ್ಟೆ ದಾಟಿಬಿಟ್ಟ. ಯಾರಿಗೂ ಏನೂ ಹೇಳಲು ಪುರುಸೊತ್ತಾಗಲಿಲ್ಲ.

ದುರ್ಗಮ್ಮ ಅಂಗಳದಲ್ಲೇ ಇದ್ದಳು. ನಾನು ಬೇಲಿಯ ದಣಪೆಯ ಹತ್ತಿರ ನಿಂತು, ಎರಡು ದಿನದಿಂದ ಕಟ್ಟಿಕೊಂಡು ಬಂದ ಮಾತನ್ನು ಹೇಳಲು ಬಾಯಿ ತೆರೆದೆ. ಅವಳು ನನ್ನನ್ನು ನೋಡಲಿಲ್ಲ. ನನ್ನ ಹಿಂದಿದ್ದವನ ಕಡೆಗೆ ನೇರವಾಗಿ ಓಡಿ ಬರುತ್ತಿದ್ದಳು.

ನಾನು ಬದಿಗೆ ಸರಿದು ದಾರಿ ಬಿಟ್ಟೆ.